ನೀಲಗಿರಿಯ ನೆತ್ತಿಯ ಮೇಲೆ

ನೆಗಡಿಯಾದಾಗ ಕರವಸ್ತ್ರದ ಮೇಲೆ ಎರಡು ಹನಿ ಹಾಕಿ ಮೂಸುವುದಕ್ಕೆಂದು ನೀಲಗಿರಿ ಎಣ್ಣೆಯ ಸೀಸೆಯೊಂದನ್ನು ಇಟ್ಟುಕೊಳ್ಳದ ಮನೆಗಳು ಕನ್ನಡ ನಾಡಿನಲ್ಲಿ ವಿರಳ. ಆ ಎಣ್ಣೆಯನ್ನು ಕೊಡುವ ಮರವನ್ನೂ ಕನ್ನಡಿಗರು ನೀಲಗಿರಿ ಎಂದೇ ಕರೆಯುತ್ತಾರೆ. ಹೆಸರನ್ನು ಕೇಳಿದವರು, ಆ ಮರವು ನೀಲಗಿರಿ ಬೆಟ್ಟಗಳಲ್ಲಿಯೇ ಹುಟ್ಟಿ ಬೆಳೆದದ್ದೆಂದು ತಿಳಿದರೆ ಆಶ್ಚರ್ಯವೇನೂ ಇಲ್ಲ. ಆದರೆ ಅದರ ತವರು ದೂರದ ಆಸ್ಟ್ರೇಲಿಯ. ಹತ್ತೊಂಬತ್ತನೆಯ ಶತಮಾನದ ನಡುಗಾಲದಲ್ಲಿ ಅದು ಕಡಲು ದಾಟಿ ಬಂದು ನೀಲಗಿರಿಯಲ್ಲಿ ಬೇರೂರಿತು. ಬೇರೂರಿದ್ದಷ್ಟೇ ಅಲ್ಲ, ಬೆಟ್ಟದ ಹೆಸರನ್ನೂ ತನ್ನದಾಗಿ ಮಾಡಿಕೊಂಡಿತು. ಅದಕ್ಕೆ ಮುಂಚೆ ಸಾವಿರಾರು ವರ್ಷಗಳ ಕಾಲ ಆ ಬೆಟ್ಟಗಳ ನೆತ್ತಿಯ ಮೇಲೆ ಹಬ್ಬಿದ್ದುದು ಹುಲ್ಲು, ಮತ್ತು ಹುಲ್ಲಿನ ಮಡಿಲಲ್ಲಿ ಅಲ್ಲಲ್ಲಿ ಹುದುಗಿಕೊಂಡಿದ್ದ ಕುಳ್ಳಮರಗಳ ಕಾಡು.

ಮೈಸೂರಿನಿಂದ ಉದಕಮಂಡಲಕ್ಕೆ ನೂರೈವತ್ತು ಕಿಲೊಮೀಟರಿಗಿಂತ ಸ್ವಲ್ಪ ಹೆಚ್ಚಿನ ದಾರಿ. ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಹೊರಟ ಸಂಸಾರವು ಮಧ್ಯಾಹ್ನದ ಹೊತ್ತಿಗೆ ಬೆಟ್ಟದ ಮೇಲಿರುತ್ತದೆ. ಸಸ್ಯೋದ್ಯಾನ, ದೊಡ್ಡಬೆಟ್ಟ, ಕೆರೆಯ ದೋಣಿವಿಹಾರ, ಮಕ್ಕಳಿಗೆ ಚಾಕೊಲೇಟು, ಹಿರಿಯರಿಗೆ ಚಹದ ಪೊಟ್ಟಣ—ಇಷ್ಟಾದರೆ ಪ್ರವಾಸವು ಸಾರ್ಥಕವಾಯಿತೆಂದು ಬಹುಮಂದಿಯ ಎಣಿಕೆ. ಆದರೆ ಆ ಅರ್ಧ ದಿನದ ಹಾದಿಯಲ್ಲಿ ವಾಹನದ ಕಿಟಕಿಯ ಹೊರಗೆ ಸರಿದುಹೋಗುವ ನೆಲವು, ಭೂಮಿಯ ಮೇಲಿನ ಕಾಡು, ಹುಲ್ಲು, ಮಣ್ಣು, ನೀರು ಇವು ಹೇಗೆ ಒಂದನ್ನೊಂದು ಹಿಡಿದುಕೊಂಡು ಬಾಳುತ್ತವೆ, ಹವೆ ಬದಲಾದರೆ ಆ ಹಿಡಿತವು ಹೇಗೆ ಸಡಿಲುತ್ತದೆ ಎಂಬುದನ್ನು ಕಣ್ಣಿಗೆ ಕಟ್ಟುವಂತೆ ತೋರಿಸುತ್ತದೆ. ಇಂತಹ ಪಾಠಶಾಲೆ ಬೇರೆ ಕಡೆ ಸಿಕ್ಕುವುದು ಕಷ್ಟ.

ಮಳೆಯ ನೆರಳಿನಲ್ಲಿ

ನಂಜನಗೂಡು ದಾಟಿ ಗುಂಡ್ಲುಪೇಟೆಯನ್ನು ಹಾಯ್ದರೆ ಹೊಲಗಳು ಮುಗಿದು ಬಂಡೀಪುರದ ಕಾಡು ಪ್ರಾರಂಭವಾಗುತ್ತದೆ. ಮೈಸೂರು ಮಹಾರಾಜರ ಕಾಲದಲ್ಲಿ ಬೇಟೆಯ ಕಾಡಾಗಿದ್ದ ಈ ಪ್ರದೇಶವು 1973ರಲ್ಲಿ ದೇಶದ ಮೊದಲ ಹುಲಿ ರಕ್ಷಿತಾರಣ್ಯಗಳಲ್ಲಿ ಒಂದಾಯಿತು. ಬೇಸಗೆಯಲ್ಲಿ ಇಲ್ಲಿಗೆ ಬಂದವರಿಗೆ ನಿರಾಶೆಯಾಗುವುದುಂಟು. ಎಲೆಯಿಲ್ಲದ ಬೋಳುಮರಗಳು, ಕಾಲಡಿಯಲ್ಲಿ ಸರಸರನೆ ಸದ್ದು ಮಾಡುವ ತರಗೆಲೆ, ಬಿಸಿಲಿಗೆ ಬಿರಿದ ಕೆಮ್ಮಣ್ಣು. ಇದೇನು ಕಾಡು ಎಂದು ಮೂಗು ಮುರಿಯುವವರೂ ಇದ್ದಾರೆ.

ಆದರೆ ಈ ಬೋಳುತನವು ಬಡತನವಲ್ಲ, ಮಿತವ್ಯಯ. ಅರಬ್ಬೀ ಸಮುದ್ರದಿಂದ ಬರುವ ಮುಂಗಾರು ಮೋಡಗಳು ವಯನಾಡು ಮತ್ತು ನೀಲಗಿರಿಯ ಪಶ್ಚಿಮದ ಇಳಿಜಾರಿನಲ್ಲಿಯೇ ತಮ್ಮ ಭಾರವನ್ನು ಬಹುಮಟ್ಟಿಗೆ ಇಳಿಸಿಬಿಡುತ್ತವೆ. ಬೆಟ್ಟದ ಹಿಂದಿರುವ ಈ ಭಾಗಕ್ಕೆ ಉಳಿದದ್ದಷ್ಟೇ ಪ್ರಸಾದ. ನೀರು ತೀರಿದ ಮೇಲೂ ಎಲೆಗಳನ್ನು ಇಟ್ಟುಕೊಂಡರೆ ಅವುಗಳ ಮೂಲಕ ಮರದ ಒಳಗಿನ ತೇವವೆಲ್ಲ ಗಾಳಿಗೆ ಸೋರಿಹೋಗುತ್ತದೆ. ಆದಕಾರಣ ವರಮಾನ ಕಡಿಮೆಯಾದ ತಿಂಗಳಲ್ಲಿ ಖರ್ಚನ್ನು ಬಿಗಿಹಿಡಿಯುವ ಜಾಣ ಗೃಹಿಣಿಯಂತೆ ಮರವು ಎಲೆಯನ್ನು ಉದುರಿಸಿ ಸುಮ್ಮನಿರುತ್ತದೆ. ಉದುರುವ ಮುನ್ನ ಎಲೆಯಲ್ಲಿದ್ದ ಸಾರಜನಕದಲ್ಲಿ ಒಂದು ಪಾಲನ್ನು ಕೊಂಬೆಗಳಿಗೆ ಹಿಂದಕ್ಕೆ ಎಳೆದುಕೊಂಡಿರುತ್ತದೆ. ನೆಲಕ್ಕೆ ಬಿದ್ದದ್ದನ್ನು ಗೆದ್ದಲು, ಶಿಲೀಂಧ್ರ ಮತ್ತು ಕಣ್ಣಿಗೆ ಕಾಣದ ಅಣುಜೀವಿಗಳು ಕೊಳೆಯಿಸಿ ಮಣ್ಣಿಗೆ ಸೇರಿಸುತ್ತವೆ. ಮುಂದಿನ ಮಳೆಗೆ ಅದೇ ಗೊಬ್ಬರವು ಬೇರಿನ ಮೂಲಕ ಮತ್ತೆ ಚಿಗುರಾಗುತ್ತದೆ. ಹೀಗೆ ಕಾಡಿನ ಬಂಡವಾಳವು ಮನೆಯೊಳಗೇ ತಿರುಗುತ್ತಿರುತ್ತದೆ. ಹೊರಗಿನಿಂದ ಬರಬೇಕಾದದ್ದು ಬಿಸಿಲು, ಮಳೆ ಮತ್ತು ಗಾಳಿ ಮಾತ್ರ.

ಈ ಸಂಸಾರಕ್ಕೆ ಎರಡು ಭಯಗಳುಂಟು. ಒಂದು ಬೆಂಕಿ. 2019ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ಎದ್ದ ಬೆಂಕಿಗೆ ಸಾವಿರಾರು ಎಕರೆ ಕಾಡು ಆಹುತಿಯಾದದ್ದನ್ನು ವಾಚಕರು ಮರೆತಿರಲಾರರು. ಬಲಿತ ಮರದ ದಪ್ಪ ತೊಗಟೆಯು ನೆಲದ ಬೆಂಕಿಯನ್ನು ತಾಳಿಕೊಳ್ಳುತ್ತದೆ. ಎಳೆಯ ಸಸಿಯು ತಾಳಲಾರದು. ಬೇರು ಉಳಿದರೆ ಮತ್ತೆ ಚಿಗುರಬಹುದು, ಆದರೆ ವರ್ಷವರ್ಷವೂ ಬೆಂಕಿ ಬಿದ್ದರೆ ಮಗುವು ಮರವಾಗುವುದೆಂತು? ಇನ್ನೊಂದು ಭಯವು ಬಣ್ಣಬಣ್ಣದ ಹೂವಿನ ರೂಪದಲ್ಲಿ ದಾರಿಯ ಎರಡು ಮಗ್ಗುಲಲ್ಲಿಯೂ ನಿಂತಿರುತ್ತದೆ. ಅದು ಲಂಟಾನ. ಅಮೆರಿಕದ ಉಷ್ಣವಲಯದಿಂದ ಹತ್ತೊಂಬತ್ತನೆಯ ಶತಮಾನದಲ್ಲಿ ಅಂದದ ಗಿಡವೆಂದು ತೋಟಗಳಿಗೆ ಬಂದ ಇದು, ಹಕ್ಕಿಗಳ ಹೊಟ್ಟೆಯಲ್ಲಿ ಪ್ರಯಾಣ ಮಾಡಿ ಕಾಡನ್ನು ಹೊಕ್ಕಿತು. ಜಿಂಕೆ, ಕಾಟಿ, ಆನೆಗಳಿಗೆ ಮೇವಾಗುವ ಹುಲ್ಲನ್ನು ಅದು ಅಡಗಿಸುತ್ತದೆ. ಒಣಗಿದರೆ ಬೆಂಕಿಗೆ ಸೌದೆಯಾಗುತ್ತದೆ.

ನಂಬರು ಹೊತ್ತ ಮರಗಳು

ರಾಜ್ಯದ ಗಡಿಯನ್ನು ದಾಟಿದರೆ ಮುದುಮಲೆ. ಆನೆಗಳ ಶಿಬಿರವಿರುವ ತೆಪ್ಪಕಾಡಿನಿಂದ ಗೂಡಲೂರಿನ ಕಡೆಗೆ, ಎಂದರೆ ಪಶ್ಚಿಮಕ್ಕೆ ಹೋದ ಹಾಗೆಲ್ಲ ಕಾಡು ಎತ್ತರವಾಗುತ್ತದೆ, ಬಿದಿರು ಕಾಣಿಸುತ್ತದೆ, ನೆಲ ತಂಪಾಗುತ್ತದೆ. ಈ ಅಭಯಾರಣ್ಯದ ಪೂರ್ವದಂಚಿಗೂ ಪಶ್ಚಿಮದಂಚಿಗೂ ಹೆಚ್ಚೇನೂ ದೂರವಿಲ್ಲ. ಆದರೂ ಪೂರ್ವಕ್ಕಿಂತ ಪಶ್ಚಿಮದಲ್ಲಿ ಬೀಳುವ ಮಳೆಯು ಎರಡು ಪಾಲಿಗೂ ಹೆಚ್ಚು. ಪೂರ್ವದಲ್ಲಿ ಮುಳ್ಳುಕಂಟಿ, ನಡುವೆ ಎಲೆ ಉದುರಿಸುವ ಮರ, ಪಶ್ಚಿಮದಲ್ಲಿ ಹಸಿರಾದ ಕಾಡು—ಮಳೆಯ ಲೆಕ್ಕವನ್ನು ನೆಲವೇ ಬರೆದಿಟ್ಟಂತಿದೆ.

ಪ್ರವಾಸಿಗಳ ಕಣ್ಣಿಗೆ ಬೀಳದ ಒಂದು ವಿಶೇಷವು ಈ ಕಾಡಿನ ಒಳಗಿದೆ. ಒಂದು ಕಿಲೊಮೀಟರು ಉದ್ದ, ಅರ್ಧ ಕಿಲೊಮೀಟರು ಅಗಲದ 50 ಹೆಕ್ಟೇರು ನೆಲವನ್ನು ಗುರುತು ಮಾಡಿ, ಬೆರಳಿನಷ್ಟು ದಪ್ಪವಾದ ಸಸಿಯಿಂದ ಹಿಡಿದು ತಬ್ಬಿಗೆ ನಿಲುಕದ ಮರದವರೆಗೆ ಪ್ರತಿಯೊಂದಕ್ಕೂ ನಂಬರಿನ ಬಿಲ್ಲೆಯನ್ನು ಕಟ್ಟಲಾಗಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನ ಕೇಂದ್ರದ ಪ್ರೊಫೆಸರ್ ಆರ್. ಸುಕುಮಾರ್ ಮತ್ತು ಅವರ ಸಂಗಡಿಗರು 1988ರಲ್ಲಿ ಈ ಕೆಲಸವನ್ನು ಕೈಗೊಂಡರು. ಮೊದಲ ಎಣಿಕೆಯಲ್ಲಿ ಸಿಕ್ಕಿದವು 25,000ಕ್ಕೂ ಹೆಚ್ಚು ಮರ ಮತ್ತು ಸಸಿಗಳು, ಸುಮಾರು 70 ಜಾತಿಗಳು. ಅಂದಿನಿಂದ ವರ್ಷಕ್ಕೊಮ್ಮೆ ಯಾವುದು ಸತ್ತಿತು, ಯಾವುದು ಹೊಸದಾಗಿ ಬಂದಿತು ಎಂದು ನೋಡುತ್ತಾರೆ. ನಾಲ್ಕು ವರ್ಷಕ್ಕೊಮ್ಮೆ ಎಲ್ಲದರ ಸುತ್ತಳತೆಯನ್ನು ತೆಗೆಯುತ್ತಾರೆ. ಪನಾಮಾದ ಬಾರೋ ಕೊಲರಾಡೊ ದ್ವೀಪದಲ್ಲಿ 1980ರ ದಶಕದ ಆರಂಭದಲ್ಲಿ ಪ್ರಾರಂಭವಾದ ಇಂತಹ ಕಾಡಿನ ಜನಗಣತಿಯು ಇಂದು ಪ್ರಪಂಚದ ಅನೇಕ ದೇಶಗಳಲ್ಲಿ ನಡೆಯುತ್ತಿದೆ.

ಈ ಗಣತಿಯಿಂದ ತಿಳಿದ ಸಂಗತಿಗಳು ಸ್ವಾರಸ್ಯವಾದುವು. ಮಳೆ ಕೈಕೊಟ್ಟ ವರ್ಷದಲ್ಲಿಯೇ ದೊಡ್ಡ ಮರಗಳು ಸಾಯುವುದಿಲ್ಲ. ಅವು ಸಾಲ ಸೋಲ ಮಾಡಿಯಾದರೂ ಮಾನವನ್ನು ಉಳಿಸಿಕೊಳ್ಳುವ ಹಳೆಯ ಮನೆತನಗಳಂತೆ ನಿಂತಿರುತ್ತವೆ. ಪೆಟ್ಟಿನ ಪರಿಣಾಮವು ಕಾಣುವುದು ಎರಡು ಮೂರು ವರ್ಷ ಕಳೆದ ಮೇಲೆ. ಬರಗಾಲ ಮುಗಿಯಿತು, ಕಾಡು ಹಸಿರಾಯಿತು ಎಂದು ಜನ ಮರೆತಿರುವಾಗ ಮರ ಬೀಳುತ್ತದೆ. ದಾಸವಾಳದ ಕುಟುಂಬಕ್ಕೆ ಸೇರಿದ ಬೆಂಡೆಮರದ ಕಥೆ ಇನ್ನೊಂದು ಬಗೆಯದು. ಮೊದಲ ಎಣಿಕೆಯಲ್ಲಿ ಇದು ಅತಿ ಹೆಚ್ಚು ಸಂಖ್ಯೆಯಲ್ಲಿದ್ದ ಮರಗಳಲ್ಲಿ ಒಂದು. ಅದರ ತೊಗಟೆ ಆನೆಗೆ ಬಲು ರುಚಿ. ಆನೆ ಮುರಿದದ್ದನ್ನು ಬೆಂಕಿ ಸುಟ್ಟಿತು, ಬೆಂಕಿಯಿಂದ ಉಳಿದ ಸಸಿಯನ್ನು ಹುಲ್ಲು ಮುಚ್ಚಿತು. ಹತ್ತು ವರ್ಷ ತುಂಬುವುದರೊಳಗೆ ಅದರ ಸಂಖ್ಯೆಯು ತೀವ್ರವಾಗಿ ಇಳಿಯಿತು. ಆನೆಯೊಂದನ್ನೇ ಆಗಲಿ, ಬೆಂಕಿಯೊಂದನ್ನೇ ಆಗಲಿ ದೂರುವಂತಿಲ್ಲ. ಕಾಡಿನಲ್ಲಿ ಯಾವ ಕಾರಣವೂ ಒಂಟಿಯಾಗಿ ಕೆಲಸ ಮಾಡುವುದಿಲ್ಲ.

ಹೊಳೆಯ ಬೆನ್ನು ಹಿಡಿದು

ತೆಪ್ಪಕಾಡಿನಲ್ಲಿ ಸೇತುವೆಯ ಕೆಳಗೆ ಹರಿಯುವ ಹೊಳೆಯ ಹೆಸರು ಮೋಯಾರು. ಮುಂದೆ ಕೆಲವು ದೂರ ಇದೇ ಹೊಳೆಯು ಬಂಡೀಪುರಕ್ಕೂ ಮುದುಮಲೆಗೂ ಗಡಿಯಾಗಿ ಆಳವಾದ ಕಮರಿಯಲ್ಲಿ ಇಳಿದು, ಭವಾನಿಯನ್ನು ಕೂಡಿ, ಕೊನೆಗೆ ಕಾವೇರಿಯನ್ನು ಸೇರುತ್ತದೆ. ಬೇಸಗೆಯಲ್ಲಿ ಸುತ್ತಲಿನ ಕಾಡು ಬೆಂದು ನಿಂತಿರುವಾಗ ಆನೆ, ಕಾಟಿ, ಜಿಂಕೆಗಳೆಲ್ಲ ಬಂದು ಸೇರುವುದು ಇದರ ದಡಕ್ಕೆ. ಸುತ್ತ ತಿಂಗಳುಗಟ್ಟಲೆ ಮಳೆಯಿಲ್ಲದಿರುವಾಗ ಈ ನೀರು ಬಂದದ್ದೆಲ್ಲಿಂದ? ಪ್ರವಾಸಿಗನು ಇದೇ ಪ್ರಶ್ನೆಯನ್ನು ಹಿಡಿದು ಮೇಲಕ್ಕೆ ಹತ್ತಿದರೆ ಉತ್ತರವು ತಾನಾಗಿ ದೊರೆಯುತ್ತದೆ.

ಗೂಡಲೂರನ್ನು ಬಿಟ್ಟೊಡನೆ ಘಟ್ಟದ ತಿರುವುಗಳು. ಚಹದ ತೋಟಗಳ ನಡುವೆ ಸುತ್ತಿ ಸುತ್ತಿ ಏರಿದರೆ ನಡುವಟ್ಟ. 1860ರ ದಶಕದಲ್ಲಿ ಮಲೇರಿಯದ ಮದ್ದಿಗಾಗಿ ಸಿಂಕೋನ ಮರಗಳನ್ನು ಬೆಳೆಸಿದ ಊರು ಇದು. ಇಲ್ಲಿಂದ ಮುಂದೆ ಕಿವಿ ಗುಂಯ್‌ಗುಟ್ಟುತ್ತದೆ, ಮಕ್ಕಳು ಸ್ವೆಟರನ್ನು ಕೇಳುತ್ತಾರೆ. ಇದ್ದಕ್ಕಿದ್ದ ಹಾಗೆ ಕಾಡಿನ ಗೋಡೆ ಸರಿದು, ಅಲೆ ಅಲೆಯಾಗಿ ಮಲಗಿದ ಹುಲ್ಲಿನ ಗುಡ್ಡಗಳು ಎದುರಾಗುತ್ತವೆ. ಗುಡ್ಡದ ಬೆನ್ನೆಲ್ಲ ಹುಲ್ಲು. ಗುಡ್ಡಗಳ ನಡುವಿನ ಮಡಿಕೆಯಲ್ಲಿ ಮಾತ್ರ, ಕತ್ತರಿಸಿ ಇಟ್ಟಂತೆ, ದಟ್ಟವಾದ ಕುಳ್ಳ ಕಾಡು. ಇದೇ ಶೋಲಾ. ಬಾಬಾಬುಡನ್‌ಗಿರಿ, ಕುದುರೆಮುಖಗಳ ಎತ್ತರದಲ್ಲಿ ಅಲೆದಾಡಿದ ಕನ್ನಡಿಗರಿಗೆ ಈ ನೋಟ ಹೊಸತಲ್ಲ.

ಶೋಲಾದ ಒಳಗೆ ಕಾಲಿಟ್ಟರೆ ಹಗಲಿನಲ್ಲಿಯೂ ಮಬ್ಬುಗತ್ತಲು. ಸೊಟ್ಟಗೆ ಬೆಳೆದ ಕಾಂಡಗಳ ಮೇಲೆ ಹಾವಸೆ, ಕಲ್ಲುಹೂವು, ಜರಿಗಿಡ. ಮಂಜು ತೇಲಿಬಂದರೆ ಎಲೆಗಳೇ ಅದನ್ನು ಹಿಡಿದು ಹನಿಯಾಗಿಸಿ ನೆಲಕ್ಕೆ ಇಳಿಸುತ್ತವೆ. ಹೊರಗಿನ ಹುಲ್ಲಿನ ಬೇರುಗಳು ಒಂದಕ್ಕೊಂದು ಹೆಣೆದುಕೊಂಡು ಮಣ್ಣನ್ನು ಚಾಪೆಯಂತೆ ಹಿಡಿದಿರುತ್ತವೆ. ಮಳೆಗಾಲದ ನೀರು ಆ ಮಣ್ಣಿನಲ್ಲಿ ಇಂಗಿ, ತಗ್ಗಿನ ಜೌಗಿನಲ್ಲಿ ನಿಂತು, ಸ್ವಲ್ಪ ಸ್ವಲ್ಪವಾಗಿ ಒಸರುತ್ತದೆ. ಇಂತಹ ನೂರಾರು ಒಸರುಗಳು ಕೂಡಿ ಪೈಕಾರ ಹೊಳೆಯಾಗುತ್ತದೆ. 1932ರಷ್ಟು ಹಿಂದೆಯೇ ಈ ಹೊಳೆಯಿಂದ ವಿದ್ಯುತ್ತನ್ನು ಪಡೆಯಲು ಪ್ರಾರಂಭಿಸಿದರು. ಪೈಕಾರವೇ ಬೆಟ್ಟದಿಂದ ಧುಮುಕಿದ ಮೇಲೆ ಮೋಯಾರು ಎನಿಸಿಕೊಳ್ಳುತ್ತದೆ. ತೆಪ್ಪಕಾಡಿನ ಆನೆ ಬೇಸಗೆಯಲ್ಲಿ ಸೊಂಡಿಲಿಗೆ ಸೇದುವ ನೀರಿನಲ್ಲಿ ಈ ಹುಲ್ಲುಗುಡ್ಡಗಳು ಕಾದಿಟ್ಟ ಹಿಂದಿನ ಮಳೆಗಾಲದ ನೀರೂ ಸೇರಿರುತ್ತದೆ.

ಒಂದು ರಾತ್ರಿಯ ಚಳಿ

ಮರಕ್ಕೂ ಹುಲ್ಲಿಗೂ ನಡುವೆ ಇಷ್ಟು ಸ್ಪಷ್ಟವಾದ ಗಡಿಯನ್ನು ಎಳೆದವರಾರು? ಮೇ ತಿಂಗಳಲ್ಲಿ ಹೂವಿನ ಪ್ರದರ್ಶನಕ್ಕೆ ಹೋಗುವವರಿಗೆ ಇದರ ಉತ್ತರ ಸಿಕ್ಕುವುದಿಲ್ಲ. ಡಿಸೆಂಬರು ಜನವರಿಯ ಮುಂಜಾವದಲ್ಲಿ, ಕಂಬಳಿಯನ್ನು ಹೊದ್ದು ಹೊರಗೆ ಬರುವವರಿಗೆ ಮಾತ್ರ ಅದು ಗೋಚರಿಸುತ್ತದೆ. ನಿರ್ಮಲವಾದ ಆಕಾಶದ ರಾತ್ರಿಯಲ್ಲಿ ನೆಲದ ಬಿಸಿಯೆಲ್ಲ ಮೇಲಕ್ಕೆ ಹೊರಟುಹೋಗುತ್ತದೆ. ತಣ್ಣಗಾದ ಗಾಳಿಯು ಭಾರವಾಗಿ ತಗ್ಗಿಗೆ ಇಳಿದು ನಿಲ್ಲುತ್ತದೆ. ಬೆಳಗಾಗುವ ಹೊತ್ತಿಗೆ ಇಬ್ಬನಿ ಹೆಪ್ಪುಗಟ್ಟಿ, ಹುಲ್ಲಿನ ಎಸಳೆಲ್ಲ ಉಪ್ಪು ಉದುರಿಸಿದಂತೆ ಬೆಳ್ಳಗಾಗಿರುತ್ತದೆ.

ಹುಲ್ಲಿಗೆ ಇದರಿಂದ ಹೆಚ್ಚಿನ ಬಾಧೆಯಿಲ್ಲ. ಅದರ ಜೀವವಿರುವುದು ನೆಲಕ್ಕೆ ಅಂಟಿಕೊಂಡ ಬುಡದಲ್ಲಿ. ಎಸಳು ಸುಟ್ಟರೂ ಬುಡ ಚಿಗುರುತ್ತದೆ. ಶೋಲಾದ ಸಸಿಯ ಜೀವವಾದರೋ ಕುಡಿಯಲ್ಲಿದೆ. ತಾಯಿಮರಗಳ ಚಪ್ಪರದ ಕೆಳಗೆ ಬೆಚ್ಚಗಿದ್ದರೆ ಅದು ಬದುಕುತ್ತದೆ. ಬೀಜವು ಹಾರಿ ಬಯಲಲ್ಲಿ ಮೊಳೆತರೆ ಹೆಪ್ಪುಗಟ್ಟಿದ ರಾತ್ರಿ, ಅದರ ಬೆನ್ನಿಗೇ ಬರುವ ಚುರುಕು ಬಿಸಿಲು—ಇವೆರಡರ ನಡುವೆ ಸಿಕ್ಕಿ ಕಮರುತ್ತದೆ. ಕೆಂಪು ಹೂವಿನ ರೋಡೊಡೆಂಡ್ರನ್ ಮರವೊಂದು ಮಾತ್ರ ಬಯಲಿನ ನಡುವೆ ಒಂಟಿಯಾಗಿ ನಿಲ್ಲುವ ಧೈರ್ಯವನ್ನು ತೋರಿಸುತ್ತದೆ. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಅತುಲ್ ಜೋಶಿ, ಜಯಶ್ರೀ ರತ್ನಂ, ಮಹೇಶ್ ಶಂಕರನ್ ಅವರು ಶೋಲಾ ಮರಗಳ ಸಸಿಗಳನ್ನು ಕಾಡಿನೊಳಗೂ ಬಯಲಿನಲ್ಲಿಯೂ ನೆಟ್ಟು ನೋಡಿ, ಈ ಗಡಿಯನ್ನು ಕಾಯುವ ಕಾವಲುಗಾರನು ಚಳಿಯೇ ಎಂಬುದನ್ನು 2020ರಲ್ಲಿ ಪ್ರಕಟಿಸಿದರು. ಬೆಂಕಿ ಮತ್ತು ಮೇಯುವ ಪ್ರಾಣಿಗಳಿಗೂ ಇದರಲ್ಲಿ ಪಾಲುಂಟು. ಆದರೆ ಚಳಿಯ ಪಾಲು ದೊಡ್ಡದು.

ಜೌಗಿನ ದಿನಚರಿ

ಈ ಹುಲ್ಲುಗಾವಲು ಮನುಷ್ಯನು ಕಾಡನ್ನು ಕಡಿದು ಮಾಡಿದ್ದೆಂದು ಬಹುಕಾಲ ನಂಬಿದವರಿದ್ದರು. ಆ ನಂಬಿಕೆಯನ್ನು ಅಲುಗಿಸಿದ್ದು ಕಣಿವೆಗಳ ಜೌಗಿನಲ್ಲಿರುವ ಕಪ್ಪು ಮಣ್ಣು. ಪೀಟ್ ಎಂದು ಹೆಸರಾದ ಈ ಮಣ್ಣು ಪೂರ್ತಿಯಾಗಿ ಕೊಳೆಯದ ಸಸ್ಯಗಳ ಶೇಷ. ನೀರು ತುಂಬಿ ಗಾಳಿಯಾಡದ ಕಡೆ ಅಣುಜೀವಿಗಳ ಕೆಲಸ ನಿಧಾನ. ವರ್ಷದ ಮೇಲೆ ವರ್ಷದ ಹುಲ್ಲು ಎಲೆಗಳು ಪದರ ಪದರವಾಗಿ ಕೂಡಿಕೊಳ್ಳುತ್ತವೆ. ಯಾರೂ ಬರೆಯದೆ ತಾನೇ ಬರೆದುಕೊಂಡ ದಿನಚರಿ ಅದು.

ಅದನ್ನು ಓದುವ ಬಗೆಯು ಅಡಿಗೆಮನೆಯ ಧಾನ್ಯಗಳಿಂದಲೇ ಅರ್ಥವಾಗುತ್ತದೆ. ಗಾಳಿಯಿಂದ ಇಂಗಾಲಾಮ್ಲ ವಾಯುವನ್ನು ಹೀರಿ ಆಹಾರ ಮಾಡಿಕೊಳ್ಳುವುದರಲ್ಲಿ ಗಿಡಗಳಿಗೆ ಮುಖ್ಯವಾಗಿ ಎರಡು ಪದ್ಧತಿಗಳಿವೆ. ಭತ್ತ, ಗೋಧಿ ಮತ್ತು ಹೆಚ್ಚುಕಡಿಮೆ ಎಲ್ಲ ಮರಗಳದು ಒಂದು ಪದ್ಧತಿ. ರಾಗಿ, ಜೋಳ, ಕಬ್ಬು ಮತ್ತು ಬಿಸಿಲುನಾಡಿನ ಬಹಳಷ್ಟು ಹುಲ್ಲುಗಳದು ಇನ್ನೊಂದು. ಎರಡನೆಯ ಪಂಗಡದವು ಒಣಹವೆಯಲ್ಲಿ, ಇಂಗಾಲಾಮ್ಲ ವಾಯು ಕಡಿಮೆಯಿರುವಾಗಲೂ ಚೆನ್ನಾಗಿ ದುಡಿಯಬಲ್ಲವು. ಇಂಗಾಲದಲ್ಲಿ ತುಸು ಹಗುರವಾದ ಪರಮಾಣುಗಳೂ ತುಸು ಭಾರವಾದ ಪರಮಾಣುಗಳೂ ಇರುತ್ತವೆ. ಈ ಎರಡು ಪಂಗಡಗಳ ಗಿಡಗಳು ಅವುಗಳನ್ನು ಬೇರೆ ಬೇರೆ ಪ್ರಮಾಣದಲ್ಲಿ ತೆಗೆದುಕೊಳ್ಳುತ್ತವೆ. ಗಿಡ ಸತ್ತು ಮಣ್ಣಾದರೂ ಆ ಗುರುತು ಅಳಿಯುವುದಿಲ್ಲ.

ಸುಕುಮಾರ್ ಮತ್ತು ಅವರ ಸಂಗಡಿಗರು ನೀಲಗಿರಿಯ ಪೀಟಿನ ಪದರಗಳನ್ನು ಹೀಗೆ ಪರೀಕ್ಷಿಸಿ 1993ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದ ವಿವರಗಳು ಕುತೂಹಲಕರವಾಗಿವೆ. ಸುಮಾರು 20,000 ವರ್ಷಗಳ ಹಿಂದೆ, ಭೂಮಿಯ ಉತ್ತರದ ದೇಶಗಳು ಮಂಜಿನ ಕೆಳಗೆ ಹೂತುಹೋಗಿದ್ದಾಗ, ಇಲ್ಲಿಯೂ ಮುಂಗಾರು ಸೊರಗಿತ್ತು. ರಾಗಿ ಜೋಳದ ಪಂಗಡದ ಹುಲ್ಲುಗಳದೇ ಅಂದು ಮೇಲುಗೈ. ಹಿಮಯುಗ ಮುಗಿದು, ಸುಮಾರು 11,000 ವರ್ಷಗಳ ಹಿಂದೆ ಮುಂಗಾರು ಬಲಗೊಂಡಾಗ ಮರಗಳ ಪಂಗಡವು ಮುಂದೆ ಬಂದಿತು. ಆಮೇಲೆ ಮತ್ತೊಮ್ಮೆ ಒಣಗಾಲ, ಮತ್ತೊಮ್ಮೆ ಹುಲ್ಲು. ಎಂದರೆ, ರೈತನು ಕೊಡಲಿಯನ್ನು ಹಿಡಿದು ಬೆಟ್ಟವನ್ನು ಹತ್ತುವುದಕ್ಕೆ ಬಹಳ ಮುಂಚೆಯೇ ಇಲ್ಲಿ ಹುಲ್ಲುಗಾವಲಿತ್ತು. ಭೂಮಂಡಲದ ಹವೆ ಉಸಿರಾಡಿದಂತೆಲ್ಲ ಅದು ಹಿಗ್ಗುತ್ತಲೂ ಕುಗ್ಗುತ್ತಲೂ ಬಂದಿತ್ತು.

ಬಂದ ನೆಂಟರು

1819ರಲ್ಲಿ ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲಿವನ್ ಈ ಬೆಟ್ಟಗಳನ್ನು ಹತ್ತಿದನು. ಆಗ ಇಲ್ಲಿದ್ದವರು ಎಮ್ಮೆಗಳನ್ನು ಸಾಕಿಕೊಂಡಿದ್ದ ತೋಡರು, ಕುಶಲಕರ್ಮಿಗಳಾದ ಕೋತರು, ಕಾಡಿನ ಕುರುಂಬರು ಮತ್ತು ಮೈಸೂರು ಸೀಮೆಯ ಕಡೆಯಿಂದ ಬಂದು ಬೇಸಾಯ ಹೂಡಿದ್ದ ಬಡಗರು. ಬಡಗರ ನುಡಿ ಕನ್ನಡಕ್ಕೆ ಹತ್ತಿರದ ನಂಟು. ದೊಡ್ಡಬೆಟ್ಟವೆಂಬ ಹೆಸರಿಗೆ ಕನ್ನಡಿಗನು ಅರ್ಥವನ್ನು ಕೇಳಬೇಕಾಗಿಲ್ಲ. ಬಿಳಿಯರು ಊರು ಕಟ್ಟಿದಂತೆ ಸೌದೆಗೆ ಕೊರತೆಯಾಯಿತು. ಶೋಲಾದ ಮರಗಳು ಬೆಳೆಯುವುದು ಬಹಳ ನಿಧಾನ. ಆದಕಾರಣ ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿಯೇ ಆಸ್ಟ್ರೇಲಿಯದ ವ್ಯಾಟಲ್ ಮತ್ತು ನೀಲಗಿರಿ ಮರಗಳನ್ನು ತರಿಸಿದರು. ಹುಲ್ಲುಗಾವಲು ಎಂದರೆ ಕೆಲಸಕ್ಕೆ ಬಾರದ ಬೀಳುಭೂಮಿ ಎಂಬ ಭಾವನೆಯು ಆಗಲೇ ಬೇರೂರಿತು. ಸ್ವಾತಂತ್ರ್ಯ ಬಂದ ಮೇಲೂ ಅದು ಹೋಗಲಿಲ್ಲ. ಚರ್ಮ ಹದಮಾಡುವ ತೊಗಟೆಗಾಗಿ, ಕೃತಕ ರೇಷ್ಮೆಯ ತಿರುಳಿಗಾಗಿ ಗುಡ್ಡದ ಮೇಲೆ ಗುಡ್ಡವನ್ನು ಉತ್ತು ಈ ಮರಗಳನ್ನು ಸಾಲಾಗಿ ನೆಟ್ಟರು.

ಬೆಲೆ ತೆತ್ತದ್ದು ನೀರು. ಪೈಕಾರದ ಬಳಿಯ ಗ್ಲೆನ್‌ಮಾರ್ಗನ್ನಿನಲ್ಲಿ ಉದಕಮಂಡಲದ ಕೇಂದ್ರ ಮಣ್ಣು-ನೀರು ಸಂರಕ್ಷಣಾ ಸಂಶೋಧನಾ ಕೇಂದ್ರದವರು ಅಕ್ಕಪಕ್ಕದ ಎರಡು ಪುಟ್ಟ ಕಣಿವೆಗಳನ್ನು ಆರಿಸಿ, ಒಂದನ್ನು ಹುಲ್ಲಾಗಿಯೇ ಬಿಟ್ಟು, ಇನ್ನೊಂದರಲ್ಲಿ 1970ರ ದಶಕದ ಆರಂಭದಲ್ಲಿ ನೀಲಗಿರಿ ಮರಗಳನ್ನು ಬೆಳೆಸಿದರು. ಎರಡರಿಂದಲೂ ಹರಿದುಬರುವ ನೀರನ್ನು ವರ್ಷಗಟ್ಟಲೆ ಅಳೆದರು. ಮೊದಲ ಬೆಳೆಯ ಹತ್ತು ವರ್ಷಗಳಲ್ಲಿ ಮರವಿದ್ದ ಕಣಿವೆಯ ನೀರು ನೂರಕ್ಕೆ 16 ಭಾಗ ಕಡಿಮೆಯಾಯಿತು. ಕಡಿದ ಬುಡಗಳು ಚಿಗುರಿ ಎರಡನೆಯ ಬೆಳೆ ಬಂದಾಗ ಕಡಿಮೆಯಾದದ್ದು ಕಾಲುಭಾಗ. ಆಳದ ಬೇರಿನಿಂದ ವರ್ಷವಿಡೀ ನೀರನ್ನು ಹೀರುವ ಮರಕ್ಕೂ, ಒಣಗಾಲದಲ್ಲಿ ನಿದ್ದೆ ಹೋಗುವ ಹುಲ್ಲಿಗೂ ಇರುವ ವ್ಯತ್ಯಾಸವಿದು.

1980ರ ದಶಕದ ಕೊನೆಯ ಹೊತ್ತಿಗೆ ಅರಣ್ಯ ಇಲಾಖೆಯು ಹುಲ್ಲುಗಾವಲಿನಲ್ಲಿ ಹೊಸದಾಗಿ ಈ ಮರಗಳನ್ನು ನೆಡುವುದನ್ನು ನಿಲ್ಲಿಸಿತು. ಆದರೆ ವ್ಯಾಟಲ್ ನಿಲ್ಲಲಿಲ್ಲ. ಅದರ ಬೀಜವು ಮಣ್ಣಿನಲ್ಲಿ ದಶಕಗಳ ಕಾಲ ಸಾಯದೆ ಮಲಗಿರುತ್ತದೆ. ಬೆಂಕಿ ತಗುಲಿದರೆ ಗುಂಪಾಗಿ ಏಳುತ್ತದೆ. ಶೋಲಾದ ಸಸಿಯನ್ನು ಕೊಲ್ಲುವ ಚಳಿಗೂ ಅದು ಅಷ್ಟಾಗಿ ಅಂಜುವುದಿಲ್ಲ. 1973ರಿಂದ 2017ರವರೆಗಿನ ಉಪಗ್ರಹ ಚಿತ್ರಗಳನ್ನು ಹೋಲಿಸಿ ನೋಡಿದವರು, ಪಶ್ಚಿಮಘಟ್ಟಗಳ ನೆತ್ತಿಯ ಹುಲ್ಲುಗಾವಲಿನಲ್ಲಿ ಹೆಚ್ಚುಕಡಿಮೆ ಕಾಲುಭಾಗವು ಪರದೇಶದ ಮರಗಳ ಪಾಲಾಗಿದೆಯೆಂದು ತಿಳಿಸಿದ್ದಾರೆ.

ಗಡಿ ಅಳಿಸುವ ಬಿಸಿ

ಇಷ್ಟು ಹೊತ್ತು ಹೇಳಿದ್ದು ಮನುಷ್ಯನ ಕೈಯಾರೆ ಆದದ್ದು. ಈಗ ಗಾಳಿಯ ಮೂಲಕ ಇನ್ನೊಂದು ಕೈ ಈ ಬೆಟ್ಟಗಳನ್ನು ಮುಟ್ಟುತ್ತಿದೆ. ಹಿಮಯುಗದ ಗಾಳಿಯಲ್ಲಿ ಹತ್ತು ಲಕ್ಷ ಭಾಗಕ್ಕೆ 190ರಷ್ಟೇ ಇದ್ದ ಇಂಗಾಲಾಮ್ಲ ವಾಯು, ಕಾರ್ಖಾನೆಗಳ ಯುಗಕ್ಕೆ ಮುಂಚೆ 280 ಆಗಿತ್ತು. 1958ರಲ್ಲಿ ಹವಾಯಿ ದ್ವೀಪದ ಮೌನಾ ಲೋವ ಬೆಟ್ಟದಲ್ಲಿ ಅಳೆಯಲು ತೊಡಗಿದಾಗ ಸುಮಾರು 315. ಇಂದು ಅದು 420ನ್ನು ಮೀರಿದೆ. ಕಲ್ಲಿದ್ದಲು, ಎಣ್ಣೆಗಳ ಹೊಗೆ ಎಲ್ಲಿ ಎದ್ದರೇನು, ಗಾಳಿಗೆ ಗಡಿಯಿಲ್ಲ. ನೀಲಗಿರಿಯ ನೆತ್ತಿಯ ಹುಲ್ಲೂ ಅದನ್ನೇ ಉಸಿರಾಡಬೇಕು. ಇಂಗಾಲಾಮ್ಲ ವಾಯು ಹೆಚ್ಚಿದರೆ ಲಾಭವು ರಾಗಿಯ ಪಂಗಡಕ್ಕಿಂತ ಭತ್ತದ ಪಂಗಡಕ್ಕೆ, ಎಂದರೆ ಮರಗಳಿಗೆ ಹೆಚ್ಚೆಂಬುದು ವಿಜ್ಞಾನಿಗಳ ಎಣಿಕೆ. ಅದರ ಜೊತೆಗೇ ಭೂಮಿಯು ಬಿಸಿಯಾಗಿ ಹೆಪ್ಪುಗಟ್ಟುವ ರಾತ್ರಿಗಳು ಕಡಿಮೆಯಾದರೆ, ಗಡಿಯ ಕಾವಲುಗಾರನೇ ರಜೆಯ ಮೇಲೆ ಹೋದಂತೆ.

ಮುಂದಾಗುವುದನ್ನು ಇಂದೇ ನೋಡಬೇಕೆಂದು ಬೆಂಗಳೂರಿನ ಸಂಶೋಧಕರು ಹುಲ್ಲುಗಾವಲಿನಲ್ಲಿ ಪಾರದರ್ಶಕ ಫಲಕಗಳ ಪುಟ್ಟ ಆವರಣಗಳನ್ನು ನಿಲ್ಲಿಸಿದ್ದರು. ಮೇಲ್ಭಾಗ ತೆರೆದ ಈ ಆವರಣವು ಬಿಸಿಲನ್ನು ಹಿಡಿದು ಒಳಗಿನ ಗಾಳಿಯನ್ನು ಒಂದೆರಡು ಡಿಗ್ರಿ ಬೆಚ್ಚಗೆ ಮಾಡುತ್ತದೆ. ಅಲ್ಲಿ ಕಂಡದ್ದು ಎರಡು ಸಂಗತಿ. ಬಯಲಿನಲ್ಲಿ ಸಾಯಬೇಕಾಗಿದ್ದ ಸಸಿಗಳಿಗೆ ಬದುಕುವ ಅವಕಾಶ ಹೆಚ್ಚಿತು. ಮಣ್ಣಿನೊಳಗಿನ ಅಣುಜೀವಿಗಳೂ ಚುರುಕಾಗಿ, ನೆಲದಿಂದ ಹೊರಬೀಳುವ ಇಂಗಾಲಾಮ್ಲ ವಾಯುವಿನ ಪ್ರಮಾಣವು ಏರಿತು. ಹುಲ್ಲುಗಾವಲಿನ ಇಂಗಾಲದ ಬಹುಪಾಲು ಮರದ ದಿಮ್ಮಿಯಂತೆ ಕಣ್ಣೆದುರು ನಿಂತಿರುವುದಿಲ್ಲ. ಅದು ನೆಲದಡಿಯ ಹಗೇವಿನಲ್ಲಿ ಧಾನ್ಯದಂತೆ ಇರುತ್ತದೆ. ಬಿಸಿಯಿಂದ ಆ ಹಗೇವಿನ ಬಾಯಿ ಸಡಿಲಿದರೆ, ಗಾಳಿಯನ್ನು ಬಿಸಿಮಾಡಿದ ಇಂಗಾಲಕ್ಕೆ ನೆಲದ ಇಂಗಾಲವೂ ಜೊತೆಗೂಡುತ್ತದೆ. ಸಾಲವು ತಾನೇ ಬಡ್ಡಿಯನ್ನು ಹುಟ್ಟಿಸುವ ಬಗೆ ಇದು.

ಹಿಂದೆಯೂ ಹವೆ ಬದಲಾಗಿತ್ತಲ್ಲ, ಹುಲ್ಲೂ ಕಾಡೂ ಹಿಂದೆ ಮುಂದೆ ಸರಿದು ಹೊಂದಿಕೊಂಡವಲ್ಲ ಎಂದು ಕೇಳಬಹುದು. ನಿಜ. ಆದರೆ ಪೀಟಿನ ದಿನಚರಿಯಲ್ಲಿ ಸಾವಿರಾರು ವರ್ಷಗಳಲ್ಲಿ ನಡೆದದ್ದು ಈಗ ಮನುಷ್ಯನ ಒಂದು ಜೀವಿತದಲ್ಲಿ ನಡೆಯುತ್ತಿದೆ. ಮೇಲಾಗಿ, ಅಂದು ಹುಲ್ಲು ಬಿಟ್ಟುಕೊಟ್ಟ ಜಾಗಕ್ಕೆ ಬಂದದ್ದು ಶೋಲಾ. ಇಂದು ಗಡಿಯ ಹೊರಗೆ ತುದಿಗಾಲಲ್ಲಿ ನಿಂತಿರುವುದು ವ್ಯಾಟಲ್.

ಹುಲ್ಲನ್ನು ನೆಡುವವರು

ಹುಲ್ಲು ಹೋದರೆ ಹೋಗುವುದು ಹುಲ್ಲೊಂದೇ ಅಲ್ಲ. ಮುಕುರ್ತಿ ರಾಷ್ಟ್ರೀಯ ಉದ್ಯಾನದ ಬಂಡೆಗಳ ಅಂಚಿನಲ್ಲಿ ಮೇಯುವ ನೀಲಗಿರಿ ಥಾರ್ ಎಂಬ ಕಾಡುಮೇಕೆಗೆ ಬೇರೆ ನೆಲೆಯಿಲ್ಲ. ನೀಲಗಿರಿ ಪಿಪಿಟ್ ಎಂಬ ಪುಟ್ಟ ಹಕ್ಕಿಯು ಇಂತಹ ಎತ್ತರದ ಹುಲ್ಲಿನಲ್ಲಲ್ಲದೆ ಗೂಡು ಕಟ್ಟುವುದಿಲ್ಲ. ಹನ್ನೆರಡು ವರ್ಷಕ್ಕೊಮ್ಮೆ ಗುಡ್ಡಗಳನ್ನೆಲ್ಲ ನೀಲಿಯಾಗಿಸುವ ಕುರಿಂಜಿಯು 2018ರಲ್ಲಿ ಅರಳಿತ್ತು. 2030ರಲ್ಲಿ ಅದು ಮತ್ತೆ ಅರಳಬೇಕಾದ ಜಾಗವೂ ಈ ಬಯಲೇ. ತೋಡರಿಗಂತೂ ಇದು ಮನೆಯಂಗಳ. ಅವರ ಎಮ್ಮೆಗಳಿಗೆ ಮೇವು ಇಲ್ಲಿನದು; ಅವರ ಗುಡಿಗಳ ಮಾಡಿಗೆ ಹೊದಿಸುವ ಹುಲ್ಲು ಇಲ್ಲಿನ ಜೌಗಿನದು, ಅದೀಗ ಹುಡುಕಿದರೂ ಸುಲಭವಾಗಿ ಸಿಕ್ಕದಂತಾಗಿದೆ. ಉದಕಮಂಡಲವೆಂಬ ಹೆಸರಿನಲ್ಲಿರುವುದೂ ತೋಡರು ತಮ್ಮ ಹಟ್ಟಿಗೆ ಹೇಳುವ 'ಮಂದ್' ಎಂಬ ಮಾತೇ ಎನ್ನುತ್ತಾರೆ.

ಹೀಗಾಗಿ ನೀಲಗಿರಿಯಲ್ಲಿ ಇಂದು ಒಂದು ವಿಚಿತ್ರವಾದ ದೃಶ್ಯವನ್ನು ಕಾಣಬಹುದು. ಮರ ನೆಡುವುದೇ ಪುಣ್ಯವೆಂದು ಶಾಲೆಯ ಮಕ್ಕಳಿಗೆಲ್ಲ ಹೇಳಿಕೊಡುವ ಕಾಲದಲ್ಲಿ ಇಲ್ಲಿನ ಕೆಲವು ಗುಡ್ಡಗಳಲ್ಲಿ ವ್ಯಾಟಲ್ ಮರಗಳನ್ನು ಕಿತ್ತು, ಸಸಿಮಡಿಯಲ್ಲಿ ಬೆಳೆಸಿದ ಹುಲ್ಲಿನ ಬುಡಗಳನ್ನು ಒಂದೊಂದಾಗಿ ನೆಡುತ್ತಾರೆ. ಇದೂ ಆತುರದ ಕೆಲಸವಲ್ಲ. ಹಳೆಯ ವ್ಯಾಟಲ್ ತೋಪುಗಳ ನೆರಳಿನಲ್ಲಿ ಕೆಲವು ಕಡೆ ಶೋಲಾದ ಸಸಿಗಳು ತಾವಾಗಿಯೇ ಮೇಲೇಳುತ್ತಿವೆ. ಅಲ್ಲಿ ಕೊಡಲಿಯನ್ನು ಬೀಸಿದರೆ ಹೊಸ ಶೋಲಾವೂ ಹೋಗುತ್ತದೆ. ಕಿತ್ತ ಕಡೆಯಲ್ಲಿ ಮಲಗಿದ್ದ ಬೀಜಗಳು ಮತ್ತೆ ಮೊಳೆಯುತ್ತವೆ. ವರ್ಷವರ್ಷವೂ ಕಳೆ ಕೀಳುವವರಿಲ್ಲದಿದ್ದರೆ ಮಾಡಿದ ಕೆಲಸ ನೀರಿನಲ್ಲಿ ಹೋಮ. ಎಲ್ಲಿ ಮರ ಬೇಕು, ಎಲ್ಲಿ ಹುಲ್ಲು ಬೇಕು ಎಂಬುದನ್ನು ನೆಲದ ಹಳೆಯ ಲೆಕ್ಕವನ್ನು ಓದಿಯೇ ತೀರ್ಮಾನಿಸಬೇಕು.

ಸಂಜೆ ಬೆಟ್ಟವಿಳಿದು ಹಿಂದಿರುಗುವ ಸಂಸಾರಗಳಿಗೆ ಅವಸರವಿರುತ್ತದೆ. ಬಂಡೀಪುರದ ಹಾದಿಯು 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಕಾಡಿನ ಪ್ರಾಣಿಗಳಿಗೆ ಮೀಸಲು. ಅಷ್ಟರೊಳಗೆ ಗೇಟನ್ನು ದಾಟಬೇಕು. ಆದರೂ ತೆಪ್ಪಕಾಡಿನ ಸೇತುವೆಯ ಮೇಲೆ ವಾಹನವು ನಿಧಾನವಾದಾಗ ಮಕ್ಕಳಿಗೆ ಕೆಳಗಿನ ನೀರನ್ನು ತೋರಿಸಬಹುದು. ಬೆಳಿಗ್ಗೆ ಮೇಲೆ ಕಂಡ ಹುಲ್ಲುಗುಡ್ಡದ ಒಸರೇ ಇದು, ಮುಂದೆ ಕಾವೇರಿಯನ್ನು ಸೇರುವುದೂ ಇದೇ ಎಂದು ಹೇಳಬಹುದು. ಮನೆಗೆ ಬಂದು, ಪ್ರಯಾಣದ ಚಳಿಗೆ ನೆಗಡಿ ಹಿಡಿದು ನೀಲಗಿರಿ ಎಣ್ಣೆಯ ಸೀಸೆಯನ್ನು ಹುಡುಕುವಾಗ, ಆ ಹೆಸರಿನ ನಿಜವಾದ ಒಡೆಯನು ಮರವಲ್ಲ, ಆ ಬೆಟ್ಟದ ನೆತ್ತಿಯ ಹುಲ್ಲು ಎಂಬುದು ಯಾರಾದರೊಬ್ಬರ ನೆನಪಿಗೆ ಬಂದರೆ, ಆ ಪ್ರವಾಸವು ನಿಜಕ್ಕೂ ಸಾರ್ಥಕ.